ಎಡಗಡೆಯ ಸೀಟು

ಬ್ಲೇಡು ರಬ್ಬರಿನೊಳಗೆ ಅರ್ಧ ಇಳಿದು ಸಿಕ್ಕಿಕೊಂಡಿತು.

"ಥೂ, ಇದರ ಮನೆ ಹಾಳಾಗ!" ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಬ್ರೇಕಮ್ಮ ಬೈದಳು.

"ಮೇಡಂ, ಏನೋ ಕತ್ತರಿಸ್ತಿದ್ದೀರಲ್ಲ?" ಹಿಂದಿನಿಂದ ಪೊಲೀಸ್ ಯಾರ್ಡಿನ ಕಾವಲುಗಾರ ಕೇಳಿದ. ಮುರಿದ ಕುರ್ಚಿಯಲ್ಲಿ ಕೂತು, ಅವಳು ತಂದಿದ್ದ ಅನುಮತಿ ಪತ್ರವನ್ನು ಮೂರನೆಯ ಸಲ ಓದುತ್ತಿದ್ದ. "ಇದರಲ್ಲಿ ಕಾರು ನೋಡಬಹುದು ಅಂತಿದೆ, ಮುಟ್ಟಬಹುದು ಅಂತಿದೆ. ಕೊಯ್ಯಬಹುದು ಅಂತ ಎಲ್ಲಿದೆ?"

"ಕೊಯ್ಯಬಾರದು ಅಂತ ಎಲ್ಲಿದೆ?"

ಅವನು ನಾಲ್ಕನೆಯ ಸಲ ಓದಲು ಶುರುಮಾಡಿದ.

ಹದಿನೇಳು ದಿನದ ಹಿಂದೆ, ಒಂದು ಮಂಗಳವಾರ, ಅಭ್ಯಾಸದ ಮೈದಾನದಲ್ಲಿ ಈ ಕಾರು ತಿರುವಿನಲ್ಲಿ ಜಾರುತ್ತಾ ಬಂದು ಗೋಡೆಗೆ ಬಡಿದಿತ್ತು. ಕಾರಿನ ಒಡೆಯ ಅಡ್ಡಣ್ಣ ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಕಾರನ್ನು ನೆಟ್ಟಗೆ ಓಡಿಸಿದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಹಿಂದಿನ ಚಕ್ರ ಜಾರಿಸಿ, ಹೊಗೆ ಎಬ್ಬಿಸಿ, ಕಾರಿನ ಮೂತಿ ಒಂದು ಕಡೆ ದಾರಿ ಇನ್ನೊಂದು ಕಡೆ ಮಾಡಿಕೊಂಡು ಓಡಿಸುವ ಡ್ರಿಫ್ಟಿಂಗ್ ಅವನ ಹುಚ್ಚು. ಸದಾ ಅಡ್ಡಡ್ಡ ಹೋಗುವವನಾದ್ದರಿಂದ ಅಡ್ಡಣ್ಣ.

ಕಾರು ಕಟ್ಟಿಕೊಟ್ಟವನು ಅವನ ಭಾವ, ಗ್ಯಾರೇಜಿನ ಮೇಸ್ತ್ರಿ. 'ಮೇಸ್ತ್ರಿಯ ಬೇಜವಾಬ್ದಾರಿ' ಎಂದು ಪೊಲೀಸರು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದರು. ಬರುವ ಸೋಮವಾರ ಆರೋಪಪಟ್ಟಿ. ಯಾರ್ಡಿನಲ್ಲಿ ಜಾಗವಿಲ್ಲವೆಂದು ಕಾರು ಕೂಡ ಅದೇ ಸೋಮವಾರ ಗುಜರಿಗೆ. ಇವತ್ತು ಶುಕ್ರವಾರ.

ಮೇಸ್ತ್ರಿಯ ಹೆಂಡತಿ, ಅಂದರೆ ಅಡ್ಡಣ್ಣನ ಒಡಹುಟ್ಟಿದ ಅಕ್ಕ, ಬಂದು ಬ್ರೇಕಮ್ಮನ ಬಾಗಿಲು ತಟ್ಟಿದ್ದಳು. "ನನ್ನ ಗಂಡ ಅಂಥ ಕೆಲಸಗಾರ ಅಲ್ಲ ಮೇಡಂ. ಯಾರೋ ಏನೋ ಮಾಡಿದ್ದಾರೆ. ಹುಡುಕಿಕೊಡಿ. ಒಂದು ಕಡೆ ತಮ್ಮ, ಇನ್ನೊಂದು ಕಡೆ ಗಂಡ. ನಾನು ಯಾರಿಗೆ ಅಂತ ಅಳಲಿ?"

ಬ್ರೇಕಮ್ಮ ಇಪ್ಪತ್ತಾರು ವರ್ಷ ವಾಹನ ತಪಾಸಣೆಯ ಕಚೇರಿಯಲ್ಲಿದ್ದವಳು. ಎದುರು ಬಂದ ಗಾಡಿಗೆಲ್ಲ "ಬ್ರೇಕ್ ಸರಿ ಇಲ್ಲ, ವಾಪಸ್ ತಗೊಂಡ್ಹೋಗು" ಎಂದೇ ಹೆಸರು ಕೆಡಿಸಿಕೊಂಡವಳು. ಈಗ ಖಾಸಗಿ ಪತ್ತೇದಾರಳು. ಕೆಲಸ ಬದಲಾಗಿತ್ತು, ಹೆಸರು ಅಂಟಿಕೊಂಡೇ ಉಳಿದಿತ್ತು.

ಈ ಕಾರು ಅಂದು ಅವಳ ಮುಂದೆ ಬಂದಿದ್ದರೆ ಗೇಟಿನ ಒಳಗೇ ಬಿಡುತ್ತಿರಲಿಲ್ಲ. ಮುಂದಿನ ಚಕ್ರ ಇನ್ನಷ್ಟು ತಿರುಗಲೆಂದು ಸ್ಟೇರಿಂಗಿನ ತೋಳುಗಳನ್ನು ಕೊಯ್ದು ಮತ್ತೆ ಬೆಸೆದಿದ್ದರು. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗಿ ಒಟ್ಟಿಗೇ ಜಾರಲೆಂದು, ಅವೆರಡಕ್ಕೂ ಬಲ ಹಂಚುವ ಡಿಫರೆನ್ಷಿಯಲ್ಲಿನ ಹಲ್ಲುಗಳನ್ನೇ ವೆಲ್ಡ್ ಮಾಡಿದ್ದರು. ಸೈಲೆನ್ಸರ್ ಇಲ್ಲ, ಹಿಂದಿನ ಸೀಟಿಲ್ಲ, ಒಳಗಿನ ಹಾಸಿಲ್ಲ. ನಿಯಮದ ಪ್ರಕಾರ ಉಳಿದಿದ್ದು ಹಾರ್ನ್ ಒಂದೇ, ಅದೂ ಬಡಿದುಕೊಳ್ಳುತ್ತಿರಲಿಲ್ಲ.

ಇವೆಲ್ಲಕ್ಕೂ ಮೇಲೆ, ಇಂಜಿನ್ನಿನ ಪಕ್ಕದಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಕೂತಿತ್ತು ಟರ್ಬೊ.

ಹೊಗೆಯ ರಭಸಕ್ಕೆ ಅದರೊಳಗಿನ ಚಕ್ರ ತಿರುಗುತ್ತದೆ. ತಿರುಗಿ ಇಂಜಿನ್ನಿಗೆ ಇಮ್ಮಡಿ ಗಾಳಿ ತುಂಬುತ್ತದೆ. ಇಂಜಿನ್ನು ಇಮ್ಮಡಿ ಬಲದಿಂದ ಎಳೆಯುತ್ತದೆ. ಗಾಳಿ ಮಿತಿ ಮೀರಬಾರದೆಂದು ಹೊಗೆಯ ದಾರಿಯಲ್ಲೊಂದು ಪುಟ್ಟ ಬಾಗಿಲು. ಒತ್ತಡ ಹೆಚ್ಚಾದಾಗ ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪಿನ ಮೂಲಕ ಗಾಳಿಯೇ ಹೋಗಿ ಆ ಬಾಗಿಲನ್ನು ತಳ್ಳಿ ತೆರೆಯುತ್ತದೆ.

ಬ್ರೇಕಮ್ಮ ಕೊಯ್ಯುತ್ತಿದ್ದದ್ದು ಆ ಪೈಪನ್ನೇ. ಎರಡು ಸಲ ಬಾಯಿಟ್ಟು ಊದಿದ್ದಳು. ಗಾಳಿ ಆಚೆ ಹೋಗಿರಲಿಲ್ಲ.

ಬ್ಲೇಡನ್ನು ಎಳೆದು ಮತ್ತೆ ಒತ್ತಿದಳು. ಪೈಪು ಸೀಳಿಕೊಂಡಿತು. ಒಳಗಿನಿಂದ ಏನೋ ಹೊಳೆದು, ಜಾರಿ, ಟಣ್ ಟಣ್ ಎಂದು ಇಂಜಿನ್ನಿನ ಮೇಲೆ ಪುಟಿದು ಕೆಳಗೆ ಬಿತ್ತು.

"ಅಯ್ಯೋ!"

ಮೊಣಕಾಲು ಲಟಕ್ಕೆಂದರೂ ಲೆಕ್ಕಿಸದೆ ಅವಳು ನೆಲಕ್ಕೆ ಬಿದ್ದು ಕಾರಿನಡಿ ಕೈ ಚಾಚಿದಳು. ಒಡೆದ ಗಾಜು, ಹಳೆಯ ಆಯಿಲ್ಲು, ಇರುವೆಗಳು. ಹೊಳೆದು ಬಿದ್ದದ್ದು ಮಾತ್ರ ಇಲ್ಲ. ಇನ್ನೊಂದು ಬದಿಗೆ ತೆವಳಿದಳು. ಅಲ್ಲೂ ಇಲ್ಲ. ಇಷ್ಟು ದಿನದಲ್ಲಿ ಸಿಕ್ಕ ಒಂದೇ ಒಂದು ಸುಳಿವು ಕೈಯಿಂದ ಜಾರಿತಲ್ಲ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಇದಾ ಮೇಡಂ?" ಕಾವಲುಗಾರ ತನ್ನ ಚಪ್ಪಲಿಯ ಪಕ್ಕದಿಂದ ಎತ್ತಿ ಹಿಡಿದ. ಅವರೆಕಾಳಿಗಿಂತ ಚಿಕ್ಕದು. ಬೇರಿಂಗಿನ ಉಕ್ಕಿನ ಗುಂಡು. "ಇದು ಯಾರ್ಡಿನ ಸೊತ್ತು. ಬರೆದುಕೊಟ್ಟು ತಗೊಳ್ಳಿ."

"ಬರ್ಕೊಡ್ತೀನಪ್ಪ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಇಲ್ಲಿ ಕೊಡು."

ನೆಲದಲ್ಲಿ ಕೂತಂತೆಯೇ ಅವಳು ಗುಂಡನ್ನು ಬೆಳಕಿಗೆ ಹಿಡಿದಳು. ತಾನಾಗಿ ಹೋಗಿ ಕೂರುವಂಥದ್ದಲ್ಲ. ಯಾರೋ ಪೈಪು ಬಿಚ್ಚಿ, ಗುಂಡು ತುರುಕಿ, ಮತ್ತೆ ಹಾಕಿದ್ದಾರೆ. ಪೈಪು ಮುಚ್ಚಿದರೆ ಬಾಗಿಲಿಗೆ ಸುದ್ದಿ ಮುಟ್ಟುವುದಿಲ್ಲ. ಗಾಳಿ ಏರುತ್ತಲೇ ಹೋಗುತ್ತದೆ. ತಿರುವಿನ ಮಧ್ಯೆ, ಕಾರು ಅಡ್ಡಕ್ಕೆ ಜಾರುತ್ತಿರುವಾಗ, ಇದ್ದಕ್ಕಿದ್ದಂತೆ ಮಿತಿಯಿಲ್ಲದ ಬಲ.

ಎದ್ದೇಳಲು ಕಾರಿನ ಎಡಬದಿಯ ಕಂಬ ಹಿಡಿದಳು. ಗೋಡೆಗೆ ಬಡಿದದ್ದು ಇದೇ ಬದಿ. ಬಾಗಿಲು ಒಳಕ್ಕೆ ನುಗ್ಗಿ ತಗಡಿನ ಮುದ್ದೆಯಾಗಿತ್ತು. ಅದರ ಸಂದಿನಿಂದ ಒಳಗೆ ಇಣುಕಿದವಳು ಹಾಗೇ ನಿಂತಳು.

ಭಾರ ಕಡಿಮೆ ಮಾಡಲು ಎಡಗಡೆಯ ಸೀಟನ್ನು ಎರಡು ತಿಂಗಳ ಹಿಂದೆಯೇ ಕಳಚಿದ್ದೆವು ಎಂದು ಮೇಸ್ತ್ರಿ ಹೇಳಿಕೆ ಕೊಟ್ಟಿದ್ದ. ಸೀಟು ಇರಲಿಲ್ಲ, ನಿಜ. ಬರೀ ತಗಡಿನ ನೆಲ, ಅದರ ಮೇಲೆ ಟೈರಿನ ಕಪ್ಪು ಪುಡಿ, ಧೂಳು, ತುಕ್ಕು. ಸೀಟು ಕೂರುವ ನಾಲ್ಕು ಬೋಲ್ಟಿನ ತೂತುಗಳು.

ಆ ನಾಲ್ಕು ತೂತುಗಳೊಳಗಿನ ತಿರುಪಿನ ಗೆರೆಗಳು ಮಾತ್ರ ಉಜ್ಜಿದ ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಅವಳು ಠಾಣೆಯ ಅಧಿಕಾರಿಗೆ ಫೋನು ಹಚ್ಚಿದಳು. ಆರನೆಯ ಸಲಕ್ಕೆ ಎತ್ತಿದ.

"ಸರ್, ಕಾರಲ್ಲಿ ಗುಂಡು ಸಿಕ್ತು."

"ಗುಂಡಾ! ಯಾರು ಹಾರಿಸಿದ್ದು?"

"ಬೇರಿಂಗ್ ಗುಂಡು ಸರ್. ಟರ್ಬೊ ಪೈಪಿನೊಳಗೆ."

"ಅಯ್ಯೋ ಮೇಡಂ, ಜೀವ ಬಾಯಿಗೆ ಬಂತಲ್ರೀ. ಒಂದು ಕಾರಲ್ಲಿ ಸಾವಿರ ಗುಂಡಿರ್ತಾವೆ. ಒಂದು ದಾರಿ ತಪ್ಪಿರುತ್ತೆ. ಬಿಡಿ."

"ಸರ್, ಇದು ದಾರಿ ತಪ್ಪಿ ಹೋಗೋ ಜಾಗ ಅಲ್ಲ. ಕೇಳಿ..."

"ಸೋಮವಾರ ಬನ್ನಿ, ಕೂತು ಮಾತಾಡೋಣ."

"ಸೋಮವಾರ ಕಾರೇ ಇರಲ್ವಲ್ಲ ಸರ್!"

ಫೋನು ಆಗಲೇ ಕಟ್ಟಾಗಿತ್ತು.

* * *

ಬ್ರೆಡ್ ಫ್ಯಾಕ್ಟರಿಯ ಹಿಂಬಾಗಿಲಿನಲ್ಲಿ ಅಡ್ಡಣ್ಣನ ಅಕ್ಕ ತನ್ನ ವ್ಯಾನಿಗೆ ಟ್ರೇ ತುಂಬುತ್ತಿದ್ದಳು. ಅಂಗಡಿ ಅಂಗಡಿಗೆ ಬ್ರೆಡ್ ಇಳಿಸುವುದು ಅವಳ ಕೆಲಸ. ಬಲಗೈಯಿಂದ ಟ್ರೇ ಎಳೆದು, ಮೊಣಕಾಲಿನ ಆಸರೆ ಕೊಟ್ಟು, ಸೊಂಟದಿಂದ ಒಳಗೆ ದೂಡುತ್ತಿದ್ದಳು. ಎಡಗೈ ಮೇಲೇಳುತ್ತಿರಲಿಲ್ಲ.

"ಕೈಗೆ ಏನಾಯ್ತಮ್ಮ?"

"ಟ್ರೇ ಜೋಡಿಸೋ ರ್‍ಯಾಕು ಮೈಮೇಲೆ ಬಿತ್ತು. ಆ ದಿನಾನೇ, ಇವನ ಆಕ್ಸಿಡೆಂಟಿನ ದಿನಾನೇ. ಕೆಟ್ಟದ್ದು ಬಂದರೆ ಜೋಡಿಯಾಗೇ ಬರುತ್ತೆ ಅಂತಾರಲ್ಲ." ಅವಳು ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. "ಏನಾದ್ರೂ ಸಿಕ್ತಾ ಮೇಡಂ?"

"ಕಾರಿನ ಎಡಗಡೆ ಸೀಟು ಯಾವಾಗ ತೆಗೆದಿದ್ದು?"

"ತೆಗೆದು ಯಾವ ಕಾಲ ಆಯ್ತು! ನಾನೇ ಬೈದಿದ್ದೆ, ಜೊತೆಗೊಬ್ಬರು ಕೂರೋ ಹಾಗೂ ಇಲ್ವಲ್ಲೋ ಅಂತ."

"ಆ ದಿನ ನೀವು ಮೈದಾನದ ಹತ್ರ ಹೋಗಿದ್ರಾ?"

ಅಕ್ಕನ ಕೈ ನಿಂತಿತು. "ಪ್ರತಿ ಮಂಗಳವಾರ ಅಲ್ಲಿನ ಕ್ಯಾಂಟೀನಿಗೆ ಬ್ರೆಡ್ ಹಾಕ್ತೀನಿ. ಹಾಕಿದೆ, ಹೊರಟೆ. ಐದು ನಿಮಿಷ ನಿಂತಿದ್ರೆ..." ಅವಳು ಕಣ್ಣೊರೆಸಿಕೊಂಡಳು. "ಮುಂದಿನ ಅಂಗಡೀಲಿ ಇಳಿಸ್ತಿರುವಾಗ ಫೋನು ಬಂತು."

"ಅವನ ಹತ್ರ ಹೋಗಿ ಮಾತಾಡಿಸಲಿಲ್ವಾ?"

"ಕಣ್ಣಿಗೆ ಬಿದ್ರೆ ಬೈಯ್ಯೋದು ಬಿಟ್ಟು ಬೇರೆ ಮಾತಿಲ್ಲ ನಂಗೆ. ಅದಕ್ಕೇ ಆ ಕಡೆ ಹೋಗಲಿಲ್ಲ."

ಬ್ರೇಕಮ್ಮ ಇನ್ನೇನೋ ಕೇಳಲು ಹೊರಟಳು. ಅಷ್ಟರಲ್ಲಿ ಒಳಗಿನಿಂದ ಯಾರೋ "ಗಾಡಿ ತೆಗೀರಿ, ಹಿಂದೆ ಇನ್ನೊಂದು ನಿಂತಿದೆ" ಎಂದು ಕೂಗಿದರು. ಅಕ್ಕ ಅವಸರದಲ್ಲಿ ವ್ಯಾನಿನ ಬಾಗಿಲು ಎಳೆದಳು.

"ನಾಲ್ಕು ಗಂಟೆಗೆ ಆಸ್ಪತ್ರೆಗೆ ಹೋಗ್ತೀನಿ, ಅಲ್ಲೇ ಇರ್ತೀನಿ. ಮೇಡಂ, ಒಂದು ಮಾತು. ನನ್ನ ಯಜಮಾನ್ರು ನನ್ನ ಹತ್ರ ಮಾತಾಡಿ ಹದಿನೇಳು ದಿನ ಆಯ್ತು. ಊಟಕ್ಕೆ ಕರೆದ್ರೆ ಬರ್ತಾರೆ, ತಟ್ಟೆ ನೋಡ್ಕೊಂಡು ಎದ್ದು ಹೋಗ್ತಾರೆ. ನಾನು ಅವರನ್ನ ತಪ್ಪು ತಿಳ್ಕೊಂಡಿದ್ದೀನಿ ಅಂತ ಅಂದ್ಕೊಂಡಿದ್ದಾರೋ ಏನೋ. ನೀವಾದ್ರೂ ಹೇಳಿ ಅವರಿಗೆ."

ವ್ಯಾನು ಹಿಂದಕ್ಕೆ ಸರಿಯುತ್ತಾ ಗೋಡೆಯ ಬದಿಯ ಡ್ರಮ್ಮಿಗೆ ತಾಗಿ ಸದ್ದು ಮಾಡಿತು. ಬ್ರೇಕಮ್ಮ ಅಭ್ಯಾಸಬಲದಿಂದ "ಬ್ರೇಕು!" ಎಂದು ಕೂಗಿದಳು.

* * *

ಗ್ಯಾರೇಜಿನಲ್ಲಿ ಮೇಸ್ತ್ರಿಯ ಎರಡು ಕಾಲುಗಳಷ್ಟೇ ಕಾಣುತ್ತಿದ್ದವು. ಉಳಿದ ಮೇಸ್ತ್ರಿ ಒಂದು ಬಿಳಿ ಕಾರಿನಡಿ ಇದ್ದ.

ಮೂರು ಗಂಟೆಗೆ ಇಲ್ಲಿಗೆ ಬರುತ್ತೇನೆಂದಿದ್ದ ಗ್ರಾಫಪ್ಪ ಬಂದಿರಲಿಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿಯ ಈ ಮನುಷ್ಯನೇ ಅಡ್ಡಣ್ಣನ ಕಾರಿಗೂ ಲ್ಯಾಪ್‌ಟಾಪ್ ಜೋಡಿಸಿ, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಹೊಂದಿಸಿಕೊಟ್ಟವನು. ಏನು ಕೇಳಿದರೂ ಗ್ರಾಫ್ ತೋರಿಸುತ್ತಿದ್ದರಿಂದ ಆ ಹೆಸರು. ಕಾರಿನ ಕಂಪ್ಯೂಟರಿನೊಳಗಿದ್ದ ಮೆಮೊರಿ ಕಾರ್ಡನ್ನು ಪೊಲೀಸರ ಕಾಲು ಹಿಡಿದು ಬಿಡಿಸಿ ಅವನಿಗೆ ಕೊಟ್ಟು ಒಂಬತ್ತು ದಿನವಾಗಿತ್ತು. "ತೆರೀತಿಲ್ಲ ಮೇಡಂ", "ನಾಳೆ ಮೇಡಂ", "ಕರೆಂಟಿಲ್ಲ ಮೇಡಂ".

ಕಾಯುವ ತಾಳ್ಮೆ ಬ್ರೇಕಮ್ಮನಲ್ಲಿ ಉಳಿದಿರಲಿಲ್ಲ.

"ಮೇಸ್ತ್ರಿ, ಹೊರಗೆ ಬನ್ನಿ."

"ಹೇಳಿ ಮೇಡಂ, ಕೇಳಿಸ್ತಿದೆ." ಸ್ಪ್ಯಾನರ್ ತಿರುಗುವ ಸದ್ದು ಮುಂದುವರಿಯಿತು.

ಅವಳು ನೆಲದ ಮೇಲಿದ್ದ ತಗಡಿನ ತಟ್ಟೆಗೆ ಗುಂಡನ್ನು ಹಾಕಿದಳು. ಟಣ್ ಎಂದು ಅದು ಸುತ್ತ ಉರುಳಿತು.

ಸ್ಪ್ಯಾನರ್ ನಿಂತಿತು.

ಮೇಸ್ತ್ರಿ ನಿಧಾನವಾಗಿ ಹೊರಕ್ಕೆ ಜಾರಿದ. ಐವತ್ತರ ಹತ್ತಿರದ ಗಟ್ಟಿ ಆಳು. ಈ ಹದಿನೇಳು ದಿನದಲ್ಲಿ ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು. ತಟ್ಟೆಯನ್ನು ನೋಡಿದ, ಅವಳನ್ನು ನೋಡಲಿಲ್ಲ.

"ಎಲ್ಲಿ ಸಿಕ್ತು?"

"ಎಲ್ಲಿರಬಾರದಿತ್ತೋ ಅಲ್ಲಿ. ಟರ್ಬೊ ಬಾಗಿಲಿನ ಪೈಪಲ್ಲಿ. ಯಾರೋ ಬೇಕು ಅಂತಲೇ ತುರುಕಿದ್ದಾರೆ. ಅವನ ಮೇಲೆ ಯಾರಿಗೆ ದ್ವೇಷ ಇತ್ತು? ನಿಮ್ಮ ಗ್ಯಾರೇಜಿಗೆ ಯಾರ್ಯಾರು ಬಂದು ಹೋದ್ರು? ನೆನಪು ಮಾಡ್ಕೊಂಡು ಹೇಳಿ."

"ಯಾರಿಗೂ ದ್ವೇಷ ಇಲ್ಲ ಮೇಡಂ. ನಾನೇ ಹಾಕಿದ್ದು."

ಮೇಸ್ತ್ರಿ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. "ಮೂರು ವರ್ಷ ಆಯ್ತು ಆ ಕಾರಿಗೆ. ಟರ್ಬೊ ಗುಜರೀಲಿ ಸಿಕ್ಕಿದ್ದು, ಸಣ್ಣ ಲಾರಿದು. ಈ ಇಂಜಿನ್ನಿಗೆ ಕೂರೋದೇ ಇಲ್ಲ ಅಂತ ಎಲ್ಲರೂ ನಕ್ಕರು. ಹೊಗೆ ಪೈಪು ಹನ್ನೊಂದು ತುಂಡು ಕೊಯ್ದು, ಒಂದೊಂದೇ ಬೆಸೆದು ಕೂರಿಸ್ದೆ. ಮೂರು ಸಲ ಬಿರುಕು ಬಿಟ್ತು, ನಾಲ್ಕನೇ ಸಲ ನಿಂತ್ಕೊಳ್ತು. ಇಂಜಿನ್ನಿನ ಪಿಸ್ಟನ್ನೂ ಬದಲಾಯಿಸಿದೆ, ಹಳೇದು ಆ ಒತ್ತಡ ತಡೀತಿರಲಿಲ್ಲ. ಆಮೇಲೆ ಇವನಿಗೆ ಒಂದೇ ಹಟ. ಮಿತಿ ಇಲ್ಲದೆ ಬಿಟ್ರೆ ಎಲ್ಲಿವರೆಗೆ ಏರುತ್ತೆ ನೋಡೋಣ ಭಾವ, ಒಂದೇ ಒಂದು ಸಲ, ನೇರ ರಸ್ತೇಲಿ."

"ಅದಕ್ಕೆ ಗುಂಡು."

"ಸೋಮವಾರ ಹಾಕಿದ್ದು. ಓಡಿಸಿ ಅಳತೆ ತಗೊಂಡ್ವಿ. ಮುಗಿದ ಕೂಡಲೇ ತೆಗೀಬೇಕಿತ್ತು. ಟರ್ಬೊ ಕೆಂಡದ ಹಾಗೆ ಕಾದಿತ್ತು. ಆರ್ಲಿ, ಬೆಳಿಗ್ಗೆ ತೆಗೆದ್ರಾಯ್ತು ಅಂದ್ಕೊಂಡೆ. ಬೆಳಿಗ್ಗೆ ಬಂದವನೇ 'ತೆಗೆದ್ರಾ ಭಾವ?' ಅಂದ. ನಾನು ಟೈರು ತುಂಬಿಸ್ತಾ ಇದ್ದೆ. 'ಹೂಂ' ಅಂದ್ಬಿಟ್ಟೆ. ನಿಜವಾಗ್ಲೂ ತೆಗೆದಿದ್ದೀನಿ ಅಂತಲೇ ಅನ್ನಿಸಿತ್ತು ಮೇಡಂ."

ಇಷ್ಟು ದಿನದ ಓಡಾಟ, ಯಾರ್ಡಿನ ಮಣ್ಣು, ಮೊಣಕಾಲು ನೋವು, ಕೇಡು ಮಾಡಿದವನ ಕುರುಹು ಎಂದು ಬಚ್ಚಿಟ್ಟುಕೊಂಡು ಬಂದ ಗುಂಡು, ಎಲ್ಲ ಒಂದು 'ಹೂಂ'ನಲ್ಲಿ ಠುಸ್ಸೆಂದಿತು. ಗಂಡನ ತಪ್ಪಿಲ್ಲವೆಂದು ತೋರಿಸಿಕೊಡಿ ಎಂದು ಹೆಂಡತಿ ಕಳಿಸಿದರೆ, ತಪ್ಪು ಗಂಡನದೇ ಎಂದು ಸಾಕ್ಷಿ ಹಿಡಿದು ತಂದ ಹಾಗಾಯಿತು.

"ಇದನ್ನ ಮೊದಲ ದಿನಾನೇ ಬಾಯಿಬಿಟ್ಟು ಹೇಳಕ್ಕೆ ನಿಮಗೇನಾಗಿತ್ತು ರೋಗ?" ಅವಳ ದನಿ ಏರಿತು. "ಕತ್ತೆ ಹಾಗೆ ಸುತ್ತಿದ್ದೀನಿ ನಾನು!"

"ಪೊಲೀಸರಿಗೆ ಹೇಳಿದ್ನಲ್ಲ, ತಪ್ಪು ನಂದೇ ಅಂತ. ಬರ್ಕೊಳ್ಳಿ, ಸಹಿ ಹಾಕ್ತೀನಿ ಅಂದೆ. ಮುಗೀತಲ್ಲ? ನೀವು ಬಿಟ್ಬಿಡಿ ಮೇಡಂ ಇದನ್ನ. ಕೈ ಮುಗೀತೀನಿ."

ಅವಳು ಅವನನ್ನೇ ನೋಡಿದಳು. ಆಫೀಸಿನಲ್ಲಿದ್ದಾಗ ತಪ್ಪೊಪ್ಪಿಕೊಳ್ಳುವ ಚಾಲಕರನ್ನು ಬೇಕಾದಷ್ಟು ಕಂಡಿದ್ದಳು. ಅಳುತ್ತಾರೆ, ಕಾರಣ ಹೇಳುತ್ತಾರೆ, ಕೊನೆಗೆ ಬೇರೆಯವರ ಮೇಲೆ ಹಾಕುತ್ತಾರೆ. ಜೈಲಿಗೆ ಹೋಗಲು ಇಷ್ಟು ಅವಸರಪಡುವವನನ್ನು ಕಂಡಿರಲಿಲ್ಲ.

"ಎಡಗಡೆ ಸೀಟು ಎಲ್ಲಿದೆ?"

ಮೇಸ್ತ್ರಿಯ ಕೈಯಲ್ಲಿನ ಬಟ್ಟೆ ನಿಂತಿತು. "ಅದನ್ನ ಎರಡು ತಿಂಗಳ ಹಿಂದೆನೇ..."

"ಎರಡು ತಿಂಗಳ ಧೂಳು ಕಾರಿನ ತುಂಬ ಕೂತಿದೆ. ಆ ನಾಲ್ಕು ತೂತಲ್ಲಿ ಮಾತ್ರ ಕೂತಿಲ್ಲ. ಮೊನ್ನೆ ಮೊನ್ನೆ ಬೋಲ್ಟು ಹಾಕಿ ತೆಗೆದಿದ್ದಾರೆ."

"ಏನೋ ಇರಬಹುದು..."

"ಇನ್ನೊಂದು ಕೇಳಿ. ಸ್ಟೇರಿಂಗ್ ಇರೋದು ಬಲಗಡೆ. ಗೋಡೆಗೆ ಬಡಿದಿದ್ದು ಎಡಗಡೆ. ಅಡ್ಡಣ್ಣನ ಸೊಂಟ, ಪಕ್ಕೆಲುಬು, ಭುಜ ಮುರಿದಿರೋದು ಎಲ್ಲಾ ಎಡಗಡೆ. ಬಲಗಡೆ ಕೂತು ಓಡಿಸ್ತಿದ್ದವನಿಗೆ ಎಡಗಡೆ ಬಾಗಿಲು ಎದ್ದು ಬಂದು ಹೊಡೀತಾ?" ಅವಳು ಸ್ಟೂಲು ಎಳೆದು ಅವನ ಎದುರೇ ಕೂತಳು. "ಅವನು ಓಡಿಸ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ. ಓಡಿಸ್ತಿದ್ದೋರು ಯಾರು ಮೇಸ್ತ್ರಿ?"

ಹೊರಗೆ ಯಾವುದೋ ಗಾಡಿ ಹಾದುಹೋಯಿತು. ಮೇಸ್ತ್ರಿ ಎದ್ದು ಹೋಗಿ ಷಟರನ್ನು ಅರ್ಧ ಎಳೆದು ಬಂದ.

"ಅಟ್ಟದ ಮೇಲಿದೆ ಸೀಟು," ಎಂದ. "ಆ ದಿನ ನಾನು ಮೈದಾನದ ಹಿಂದಿನ ಶೆಡ್ಡಲ್ಲಿ ಸವೆದ ಟೈರು ಕಳಚ್ತಾ ಇದ್ದೆ. ಇಂಜಿನ್ನಿನ ಸದ್ದು ಕೇಳ್ತಾನೇ ಇತ್ತು. ಇದ್ದಕ್ಕಿದ್ದ ಹಾಗೆ ಕಿರುಚಿಕೊಳ್ತು. ಆ ಸದ್ದಲ್ಲೇ ನಂಗೆ ಗೊತ್ತಾಯ್ತು, ಗುಂಡು ತೆಗೆದಿಲ್ಲ ಅಂತ. ಓಡಿದೆ. ಧೂಳು ಬಿಟ್ರೆ ಏನೂ ಕಾಣಲ್ಲ. ಹತ್ರ ಹೋದ್ರೆ ಇವನು ಎಡಗಡೆ ಸೀಟಲ್ಲಿ ಬಿದ್ದಿದ್ದಾನೆ. ಬಲಗಡೆ ಬಾಗಿಲು ತೆರೆದಿದೆ. ಸೀಟು ಖಾಲಿ."

"ಯಾರೂ ಇಲ್ವಾ?"

"ಯಾರೂ ಇಲ್ಲ. ಗೇಟಿನವನು ಟೀ ಕುಡಿಯಕ್ಕೆ ಹೋಗಿದ್ದ. ಆಂಬುಲೆನ್ಸ್ ಬಂತು, ಇವನನ್ನ ಹತ್ತಿಸಿದೆ. ಜೊತೆಗೆ ಹೋಗಬೇಕಿತ್ತು ನಾನು. ಹೋಗಲಿಲ್ಲ. ಹೆತ್ತ ಮಗನ ಹಾಗೆ ಸಾಕಿದ ಹುಡುಗ ಅಲ್ಲಿ ಸಾಯ್ತಾ ಇದ್ದಾನೆ, ನಾನು ಇಲ್ಲಿ ಸೀಟು ಬಿಚ್ಚಕ್ಕೆ ಸ್ಪ್ಯಾನರ್ ಹುಡುಕ್ತಾ ಇದ್ದೆ."

"ಯಾರನ್ನ ಉಳಿಸಕ್ಕೆ?"

ಅವನು ತಟ್ಟೆಯಿಂದ ಗುಂಡನ್ನೆತ್ತಿ ಅಂಗೈಯಲ್ಲಿ ಉರುಳಿಸಿದ.

"ಬೆಳಿಗ್ಗೆ ಸೀಟು ಹಾಕುವಾಗ ಅವನೇ ಹೇಳಿದ್ದ. 'ಇವತ್ತು ಅಕ್ಕನಿಗೆ ಕಾರು ಕೊಡ್ತೀನಿ ಭಾವ, ನಾನು ಪಕ್ಕದಲ್ಲಿ ಕೂತ್ಕೋತೀನಿ' ಅಂತ. ನಾನು ನಕ್ಕೆ. ಶೆಡ್ಡಿಗೆ ಹೋಗುವಾಗ ಗೇಟಿನ ಹತ್ರ ಅವಳ ವ್ಯಾನು ನಿಂತಿತ್ತು, ಒಳಗೆ ಅವಳಿರಲಿಲ್ಲ. ಎಲ್ಲಾ ಆದ ಮೇಲೆ ನೋಡ್ತೀನಿ, ವ್ಯಾನೂ ಇಲ್ಲ. ಸಂಜೆ ಆಸ್ಪತ್ರೇಲಿ ಅವಳ ಎಡಗೈ ಮೇಲೇಳ್ತಾ ಇರಲಿಲ್ಲ. ಅವಳು ಓಡಿಹೋದ್ಲು ಮೇಡಂ. ಗಾಬರಿ ಆಗಿರುತ್ತೆ. ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಗುಂಡು ಬಿಟ್ಟಿದ್ದು ನಾನು, ಪಾಪ ಅವಳಿಗೇನು ಗೊತ್ತು? ಜೈಲಿಗೆ ಹೋಗೋದಾದ್ರೆ ನಾನೇ ಹೋಗ್ತೀನಿ. ಆದ್ರೆ ಅವಳ ಮುಖ ನೋಡಕ್ಕೆ ಆಗ್ತಿಲ್ಲ. ತಮ್ಮನ್ನ ಬಿಟ್ಟು ಹೋದ್ಲಲ್ಲ ಅನ್ನಿಸಿಬಿಡುತ್ತೆ."

ಗಂಡನನ್ನು ಉಳಿಸಲು ಪತ್ತೇದಾರಳನ್ನು ಕರೆಸಿದ ಹೆಂಡತಿ. ಹೆಂಡತಿಯನ್ನು ಉಳಿಸಲು ಜೈಲಿಗೆ ಹೊರಟ ಗಂಡ. ಒಂದೇ ಮನೆಯಲ್ಲಿ ಕೂತು ಇಬ್ಬರೂ ತುಟಿ ಬಿಚ್ಚಿರಲಿಲ್ಲ. ಬ್ರೇಕಮ್ಮನಿಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಡಿಕ್ಕಿ ಹೊಡೆಸಬೇಕು ಅನ್ನಿಸಿತು.

ಅರ್ಧ ಷಟರಿನಡಿ ಒಂದು ಬೋಳು ತಲೆ ಬಗ್ಗಿ ಒಳಬಂತು.

"ಸಾರಿ ಮೇಡಂ, ಒಂದೂವರೆ ಗಂಟೆ ಲೇಟಾಯ್ತು," ಎಂದು ಗ್ರಾಫಪ್ಪ ಲ್ಯಾಪ್‌ಟಾಪನ್ನು ಎದೆಗವಚಿಕೊಂಡೇ ನಿಂತ. "ಕಾರ್ಡು ತೆರೀತು. ಆದ್ರೆ ಅದರಲ್ಲಿರೋದು ನಂಗೇ ಅರ್ಥ ಆಗ್ತಿಲ್ಲ."

"ನಿಮಗೇ ಅರ್ಥ ಆಗದೆ ಇದ್ರೆ ನಂಗೇನು ತೋರಿಸ್ತೀರಿ?"

ಅವನು ಬಿಳಿ ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ತೆರೆದ. ತೆರೆಯ ತುಂಬ ಕೆಂಪು, ನೀಲಿ ಗೆರೆಗಳು.

"ಕೆಂಪು ಟರ್ಬೊ ಒತ್ತಡ. ನೋಡಿ, ಕೊನೇಲಿ ಗೋಡೆ ಹತ್ತಿದ ಹಾಗೆ ಹತ್ತಿದೆ. ಮೊದಲು ಒತ್ತಡ ಮೀರಿದ್ರೆ ಇಂಜಿನ್ನೇ ಆಫ್ ಆಗೋ ಹಾಗೆ ಇಟ್ಟಿದ್ದೆ. ತಿರುವಲ್ಲಿ ಕೆಮ್ಮುತ್ತೆ ಅಂತ ಅಡ್ಡಣ್ಣನೇ ತೆಗೆಸಿಬಿಟ್ಟ. ಅದಿರ್ಲಿ. ಈ ನೀಲಿ ನೋಡಿ. ಇದು ಆಕ್ಸಿಲರೇಟರ್ ಮೇಲಿನ ಕಾಲು."

"ಸರಿ?"

"ಇದು ಅವನ ಕಾಲಲ್ಲ ಮೇಡಂ."

"ಅದು ಗೊತ್ತಾಗಿದೆ," ಎಂದಳು ಬ್ರೇಕಮ್ಮ ಬೇಸರದಿಂದ. "ಹೊಸಬರು ಯಾರೋ ಕಲೀತಾ ಇದ್ರು."

"ಹೊಸಬರಾ?" ಗ್ರಾಫಪ್ಪ ನಕ್ಕೇಬಿಟ್ಟ. ಇನ್ನೊಂದು ಗ್ರಾಫನ್ನು ಪಕ್ಕಕ್ಕೆ ಎಳೆದ. "ಇದು ಅಡ್ಡಣ್ಣನ ಹಳೇದು. ಗರಗಸದ ಹಲ್ಲಿನ ಹಾಗಿದೆ, ಒತ್ತು, ಬಿಡು, ಒತ್ತು, ಬಿಡು. ಆ ದಿನದ್ದು ನೋಡಿ. ನೂಲು ಎಳೆದ ಹಾಗಿದೆ. ಎರಡು ತಿರುವು ಒಂದೇ ಉಸಿರಲ್ಲಿ ಜಾರಿಸಿಕೊಂಡು ಬಂದಿದ್ದಾರೆ. ಮೂರನೇದರಲ್ಲಿ ಒತ್ತಡ ಏರಿದ ತಕ್ಷಣ, ಕಣ್ಣು ಮಿಟುಕಿಸೋದ್ರೊಳಗೆ ಕಾಲು ತೆಗೆದಿದ್ದಾರೆ. ಒತ್ತಡ ಹೀಗೆ ಏರದೆ ಹೋಗಿದ್ರೆ ಗೋಡೆಗೆ ಒಂದು ಗೀರೂ ಬೀಳ್ತಿರಲಿಲ್ಲ. ಇವನಿಗೆ ಇದನ್ನ ಕಲಿಸಿದ ಗುರುವಿನ ಕಾಲು ಇದ್ದ ಹಾಗಿದೆ. ಇಂಥ ಕಾಲು ಈ ಊರಲ್ಲಿ ನಾನು ನೋಡಿಲ್ಲ."

ಮೇಸ್ತ್ರಿ ತೆರೆಯ ಹತ್ತಿರ ಬಂದ. ನೀಲಿ ಗೆರೆಯ ಮೇಲೆ ಮಸಿ ಮೆತ್ತಿದ ಬೆರಳಿಟ್ಟು ಮೆಲ್ಲಗೆ ಎಳೆದುಕೊಂಡು ಹೋದ, ಮತ್ತೆ ಮೊದಲಿಗೆ ತಂದ.

"ಅವಳು ರಿವರ್ಸ್ ಹಾಕಿದ್ರೆ ಪಕ್ಕದ ಮನೆಯೋರು ಹೊರಗೆ ಬಂದು ನಿಲ್ತಾರೆ ಮೇಡಂ," ಎಂದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. "ಅವಳಲ್ಲ ಇದು. ಅವಳಲ್ವೇ ಅಲ್ಲ. ಹದಿನೇಳು ದಿನ ಅವಳು ಬಡಿಸಿದ್ದನ್ನ ತಿಂದು, ಅವಳ ಮೇಲೇ... ಥೂ, ನಾನೆಂಥ ಮನುಷ್ಯ!"

"ಹಾಗಾದ್ರೆ ಅವನು 'ಅಕ್ಕ' ಅಂದಿದ್ದು ಯಾರನ್ನ?"

ಮೇಸ್ತ್ರಿ ತಲೆಯಾಡಿಸಿದ. ಗ್ರಾಫಪ್ಪನೂ ತಲೆಯಾಡಿಸಿದ. ಅಂಗಡಿಯವಳೂ ಅಕ್ಕ, ಪಕ್ಕದ ಮನೆಯವಳೂ ಅಕ್ಕ, ಬಸ್ಸಿನಲ್ಲಿ ಸೀಟು ಬಿಡಿ ಎನ್ನುವಾಗ ಗುರುತಿಲ್ಲದವಳೂ ಅಕ್ಕ. ಬ್ರೇಕಮ್ಮ ಹಲ್ಲು ಕಚ್ಚಿದಳು. ಒಂದು ಬಾಗಿಲು ತೆರೆದರೆ ಅದರ ಹಿಂದೆ ಇನ್ನೊಂದು ಬೀಗ.

ಅವಳ ಫೋನು ಬಡಿದುಕೊಂಡಿತು. ಆಸ್ಪತ್ರೆಯ ನರ್ಸು. ಏನೇ ಆದರೂ ಮೊದಲು ತನಗೆ ತಿಳಿಸಬೇಕೆಂದು ಬ್ರೇಕಮ್ಮ ಅವಳಿಗೆ ನಂಬರು ಕೊಟ್ಟಿದ್ದಳು.

"ಮೇಡಂ, ಕಣ್ಣು ಬಿಟ್ಟ! ಮಾತೂ ಆಡಿದ!"

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತ. ಬ್ರೇಕಮ್ಮ ಫೋನನ್ನು ಅವನಿಗೂ ಕೇಳಿಸುವಂತೆ ಹಿಡಿದಳು. "ಏನಂದ?"

"ಅವರಕ್ಕ ಪಕ್ಕದಲ್ಲೇ ಕೈ ಹಿಡ್ಕೊಂಡು ಕೂತಿದ್ರು. ಅವರನ್ನೇ ನೋಡ್ಕೊಂಡು 'ಅಕ್ಕ ಉಳಿದ್ರಾ?' ಅಂದ. 'ನಾನೇ ಕಣೋ ಅಕ್ಕ, ಇಲ್ಲೇ ಇದ್ದೀನಿ' ಅಂದ್ರು ಇವರು. ಅವನು ತಲೆ ಅಲ್ಲಾಡಿಸ್ದ. 'ನೀನಲ್ಲ. ಕಾರು ಓಡಿಸ್ತಿದ್ದ ಅಕ್ಕ' ಅಂದ. ಅಷ್ಟೇ, ಮತ್ತೆ ಕಣ್ಣು ಮುಚ್ಚಿದ."

"ಹೆಸರು ಹೇಳಿದ್ನಾ?"

"ಇಲ್ಲ ಮೇಡಂ. ಡಾಕ್ಟರು ಇನ್ನು ಸ್ವಲ್ಪ ಹೊತ್ತಲ್ಲಿ ಪೂರ್ತಿ ಎಚ್ಚರ ಆಗುತ್ತೆ, ಆಗ ಎಲ್ಲಾ ಮಾತಾಡ್ತಾನೆ ಅಂದ್ರು."

"ನಾನು ಈಗಲೇ ಬರ್ತೀನಿ. ಅವನನ್ನ ಒಬ್ಬನೇ ಬಿಡಬೇಡಿ. ಅವರಕ್ಕ ಹತ್ರಾನೇ ಇದ್ದಾರೆ ತಾನೇ?"

"ಅವರು ಔಷಧಿ ಚೀಟಿ ತಗೊಂಡು ಈಗ ತಾನೇ ಕೆಳಗೆ ಹೋದ್ರು. ಗಾಬರಿ ಮಾಡ್ಕೋಬೇಡಿ ಮೇಡಂ, ಅವನೊಬ್ಬನೇ ಇಲ್ಲ. ಇನ್ನೊಬ್ಬರು ನೋಡಕ್ಕೆ ಬಂದಿದ್ದಾರೆ. ಪಾಪ, ಕುಂಟ್ತಾ ಇದ್ರು. ನೀವು ಏನಾಗಬೇಕು ಅಂತ ಕೇಳಿದೆ. 'ಅಕ್ಕ' ಅಂದ್ರು. ಒಳಗೆ ಬಿಟ್ಟು ಬಾಗಿಲು ಎಳ್ಕೊಂಡು ಬಂದೆ."